ಕುವೈತಿನಲ್ಲಿ ತಮ್ಮನಿಗೆ ಕೊಟ್ಟ ಏಳು ಅಂಕ

ಕುವೈತಿನಲ್ಲಿ ಒಂದು ತಿಂಗಳು ಇದ್ದು ಬಂದೆ ಎಂದ ಕೂಡಲೇ ಪುತ್ತೂರಿನಲ್ಲಿ ಜನ ಎರಡೇ ಪ್ರಶ್ನೆ ಕೇಳುತ್ತಾರೆ. ಸೆಖೆ ಹೇಗಿತ್ತು, ಚಿನ್ನ ಎಷ್ಟು ತಂದಿರಿ. ಸೆಖೆ ಇರಲಿಲ್ಲ. ಡಿಸೆಂಬರಿನಲ್ಲಿ ಅಲ್ಲಿ ಬೆಳಿಗ್ಗೆ ಸ್ವೆಟರ್ ಬೇಕು. ಚಿನ್ನದ ಅಂಗಡಿಯ ಮೆಟ್ಟಿಲು ನಾನು ಹತ್ತಲೇ ಇಲ್ಲ. ಆ ದೇಶದಲ್ಲಿ ನಾನು ಹೆಚ್ಚಾಗಿ ನೋಡಿದ್ದು ಹದಿನಾರು ಗಂಡಸರ ಮೊಣಕಾಲುಗಳನ್ನು. ನಗಬೇಡಿ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಪಿಟಿ ಟೀಚರ್ ಆಗಿದ್ದವಳಿಗೆ ಬೇರೆ ಏನು ಕಣ್ಣಿಗೆ ಬೀಳುತ್ತದೆ ಹೇಳಿ.

ಮೈದಾನ್ ಹವಲ್ಲಿ

ನನ್ನ ತಮ್ಮ ವಸಂತ ಅಲ್ಲಿ ಇಪ್ಪತ್ತೆರಡು ವರ್ಷಗಳಿಂದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾನೆ. ಹೆಂಡತಿ ಜಯಂತಿ ನರ್ಸ್. ಮಗಳು ಅನ್ವಿ ಒಂಬತ್ತನೇ ತರಗತಿ. ಮೈದಾನ್ ಹವಲ್ಲಿ ಎಂಬುದು ಅವರ ಮನೆಯಿರುವ ಬಡಾವಣೆ. ನನಗೂ ವಸಂತನಿಗೂ ಮಾತು ತುಳುವಿನಲ್ಲಿ. ಜಯಂತಿ ಭದ್ರಾವತಿಯವಳು, ಹಾಗಾಗಿ ಅವಳೆದುರು ಕನ್ನಡ. ಅನ್ವಿಗೆ ಎರಡೂ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಬರುತ್ತದೆ. ಮೊದಲ ದಿನ ನನಗೆ ಸಿಟ್ಟು ಬಂತು. ಮೂರನೇ ದಿನಕ್ಕೆ ನಾನು ಕನ್ನಡ, ಅವಳು ಇಂಗ್ಲಿಷ್, ಅದೇ ನಮಗೊಂದು ಭಾಷೆಯಾಯಿತು.

ನನಗೆ ಐದೂವರೆಗೆ ಎದ್ದು ನಡೆಯುವ ರೋಗ. ಬಂದ ಮರುದಿನವೇ ಯಾರನ್ನೂ ಎಬ್ಬಿಸದೆ ಕೆಳಗಿಳಿದು ನಡೆದೆ. ಅರ್ಧ ಗಂಟೆಯ ನಂತರ ತಿರುಗಿ ನೋಡಿದರೆ ನಮ್ಮ ಬಿಲ್ಡಿಂಗ್ ಯಾವುದೆಂದೇ ತಿಳಿಯದು. ಎಲ್ಲವೂ ಮಣ್ಣಿನ ಬಣ್ಣ, ಎಲ್ಲದಕ್ಕೂ ಒಂದೇ ಥರದ ಕಿಟಕಿ, ಕಿಟಕಿಗೊಂದು ಏಸಿ ಡಬ್ಬ. ನಮ್ಮ ಕಡೆ ದಾರಿ ತಪ್ಪಿದರೆ ಒಂದು ಮಾವಿನ ಮರವೋ ದೈವದ ಗುಡಿಯೋ ಗುರುತಿಗೆ ಸಿಗುತ್ತದೆ. ಇಲ್ಲಿ ನನಗೆ ನೆನಪಿದ್ದ ಗುರುತು ಒಂದೇ, ಬಾಗಿಲಲ್ಲಿ ಎಸೆದಿದ್ದ ಹರಿದ ಸೋಫಾ. ಮೂಲೆಯ ಬಕಾಲಾದವನ ಹತ್ತಿರ, ಅಂದರೆ ಕಿರಾಣಿ ಅಂಗಡಿಯವನ ಹತ್ತಿರ, ಅದನ್ನೇ ಹೇಳಿದೆ. ಕೇರಳದವನು. ಪಾಪ, ನಗು ತಡೆದುಕೊಂಡ.

"ಇವಿಡೆ ಎಲ್ಲಾ ಬಿಲ್ಡಿಂಗಿನ ಮುಂದೆಯೂ ಸೋಫಾ ಉಂಟು ಚೇಚಿ" ಎಂದ ಅರ್ಧ ಮಲಯಾಳಂ ಅರ್ಧ ಕನ್ನಡದಲ್ಲಿ. ಅಷ್ಟರಲ್ಲಿ ಒಂದು ಕಾರು ಬಂದು ಅಂಗಡಿಯೆದುರು ಹಾರ್ನ್ ಹೊಡೆಯಿತು. ಇವನು ಓಡಿದ, ಹಾಲಿನ ಡಬ್ಬ ಕೊಟ್ಟು ಬಂದ. ಇನ್ನೊಂದು ಹಾರ್ನ್, ಇನ್ನೊಂದು ಓಟ. ಅಲ್ಲಿ ಯಾರೂ ಅಂಗಡಿಗೆಂದು ಕಾರಿನಿಂದ ಇಳಿಯುವುದಿಲ್ಲ. ಮೂರನೇ ಓಟ ಮುಗಿಸಿ ಬಂದವನು ನನ್ನ ತಮ್ಮನ ಹೆಸರು ಕೇಳಿದ. ಹೇಳಿದೆ.

"ಫುಟ್ಬಾಲ್ ವಸಂತನಾ? ಮೊದಲೇ ಹೇಳಬಾರದಾ!" ಎಂದು ಎದುರಿನ ಬಿಲ್ಡಿಂಗಿನ ಕಡೆ ಕೈ ತೋರಿಸಿದ.

ನನ್ನ ತಮ್ಮನಿಗೆ ಫುಟ್ಬಾಲ್? ಅವನ ಪ್ರಾಯ ನಲವತ್ತೆಂಟು. ಮನೆಗೆ ಬಂದು ಕೇಳಿದರೆ ವಸಂತ ತಲೆ ಕೆರೆದುಕೊಂಡ. "ಅದು ನೀನು ಅಂದ್ಕೊಂಡ ಫುಟ್ಬಾಲ್ ಅಲ್ಲ ಅಕ್ಕ. ಆಸ್ಟ್ರೇಲಿಯಾದವರದ್ದು ಬೇರೆ ಉಂಟು. ಎಂಟು ವರ್ಷ ಆಯ್ತು ಆಡ್ಲಿಕ್ಕೆ ಸುರು ಮಾಡಿ. ಶುಕ್ರವಾರ ಬಾ, ನೀನೇ ನೋಡುವಿಯಂತೆ."

ಮೊದಲ ಶುಕ್ರವಾರ

ಅಲ್ಲಿ ರಜೆ ಶುಕ್ರವಾರ. ನಮಾಜಿನ ಹೊತ್ತಿಗೆ ಮೊದಲು ಎಲ್ಲ ಮುಗಿಯಬೇಕೆಂದು ಆಟ ಬೆಳಿಗ್ಗೆ ಏಳಕ್ಕೇ ಶುರು. ಒಂದು ಶಾಲೆಯ ಮೈದಾನ, ಹಸಿರು ಪ್ಲಾಸ್ಟಿಕ್ ಹುಲ್ಲು. ಚೆಂಡು ಪಪ್ಪಾಯಿ ಆಕಾರದ್ದು. ಅದನ್ನು ಒದೆಯಬಹುದು, ಹಿಡಿಯಬಹುದು, ಹಿಡಿದುಕೊಂಡು ಓಡಬಹುದು. ಆದರೆ ಎಸೆಯುವಂತಿಲ್ಲ, ಮುಷ್ಟಿಯಿಂದ ಗುದ್ದಿಯೇ ಕೊಡಬೇಕು. ಓಡುವಾಗ ನಡುನಡುವೆ ನೆಲಕ್ಕೆ ಕುಟ್ಟಲೂ ಬೇಕು. ಪಪ್ಪಾಯಿಯನ್ನು ನೆಲಕ್ಕೆ ಕುಟ್ಟಿದರೆ ಅದು ಎತ್ತ ಹಾರುತ್ತದೆಂದು ದೇವರಿಗೂ ಗೊತ್ತಿಲ್ಲ. ಅದನ್ನು ನೋಡಿಯೇ ನನಗೆ ಆಟ ಇಷ್ಟವಾಯಿತು.

ಎರಡೂ ಕೊನೆಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡು ಹೋದರೆ ಆರು ಪಾಯಿಂಟ್. ಗುರಿ ತಪ್ಪಿ ಪಕ್ಕದ ಸಂದಿಯಲ್ಲಿ ಹೋದರೂ ಒಂದು ಪಾಯಿಂಟ್ ಉಂಟು. ಇದನ್ನು ಅನ್ವಿ ನನಗೆ ಮೂರು ಸಲ ವಿವರಿಸಬೇಕಾಯಿತು.

"ತಪ್ಪಿದ್ದಕ್ಕೂ ಕೊಡುವುದಾ?" ಎಂದೆ.

"ಯೆಸ್ ಅತ್ತೆ. ಫಾರ್ ಟ್ರೈಯಿಂಗ್."

ನಾನು ಹುಬ್ಬೇರಿಸಿದೆ. ನನ್ನ ಮೂವತ್ತನಾಲ್ಕು ವರ್ಷಗಳಲ್ಲಿ ಹೈಜಂಪಿನ ಕೋಲು ಬಿದ್ದರೆ ಬಿದ್ದಿತು, ಅಷ್ಟೇ. ಹೆಡ್‌ಮಾಸ್ಟರರ ಮಗನಿಗೂ ಒಂದು ಇಂಚು ಬಿಟ್ಟುಕೊಟ್ಟವಳಲ್ಲ. ಅದಕ್ಕೆ ಮಕ್ಕಳು ಬೆನ್ನ ಹಿಂದೆ ನನಗಿಟ್ಟ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ತಂಡದಲ್ಲಿ ಹದಿನಾರು ಜನ. ಮೂವರು ಆಸ್ಟ್ರೇಲಿಯಾದವರು, ಇಬ್ಬರು ಐರ್ಲೆಂಡಿನವರು, ಒಬ್ಬ ಫಿಲಿಪಿನೊ. ಉಳಿದವರು ಮಂಗಳೂರು, ಉಡುಪಿ, ಕಾಸರಗೋಡಿನವರು. ಕೋಚ್ ಗ್ರೆಗ್ ಎಂಬವರೂ ಆಸ್ಟ್ರೇಲಿಯಾದವರೇ, ಅಲ್ಲಿ ಒಂದು ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ತಂಡ ಕಟ್ಟಿದ ಕಾಲದಲ್ಲಿ ತಮ್ಮ ಊರಿನವರು ಸಾಕಷ್ಟು ಸಿಗದೆ, ತಮ್ಮದೇ ಬಿಲ್ಡಿಂಗಿನ ಲಿಫ್ಟಿನಲ್ಲಿ ಸಿಕ್ಕಿದ ನಮ್ಮವರನ್ನೆಲ್ಲ ಎಳೆದು ತಂದರಂತೆ.

ಆಟದ ನಂತರ ಗ್ರೆಗ್ ಒಂದು ಕುರ್ಚಿ ಎಳೆದು ನನ್ನ ಪಕ್ಕ ಕುಳಿತರು. ಆಟದ ಸೀಸನ್ ಅರ್ಧ ಮುಗಿಯುತ್ತಾ ಬಂತು, ತಮ್ಮ ಊರಿನ ಕ್ಲಬ್ಬುಗಳಲ್ಲಿ ಈ ಹೊತ್ತಿಗೆ ಪ್ರತಿಯೊಬ್ಬ ಆಟಗಾರನಿಗೂ ಹತ್ತರಲ್ಲಿ ಇಷ್ಟು ಎಂದು ಅಂಕ ಕೊಡುವ ಪದ್ಧತಿ ಇದೆ, ತಾನು ಇವರ ಜೊತೆ ದಿನಾ ಕೂತು ಉಣ್ಣುವವನು, ತನ್ನ ಕೈಯಿಂದ ನೆಟ್ಟಗೆ ಆಗುವುದಿಲ್ಲ, ನೀವು ಇನ್ನೊಂದು ಆಟ ನೋಡಿ ಬರೆದುಕೊಡುತ್ತೀರಾ ಎಂದರು. ಅನ್ವಿ ಎಲ್ಲವನ್ನೂ ನನಗೆ ತಿಳಿಯುವ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದಳು.

"ಈ ಆಟದ ನಿಯಮವೇ ನನಗೆ ಗೊತ್ತಿಲ್ಲವಲ್ಲ" ಎಂದೆ.

ನಿಯಮ ನನಗೆ ಗೊತ್ತು, ನೀವು ಕಾಲು ನೋಡಿ, ಉಸಿರು ನೋಡಿ ಎಂದರು ಗ್ರೆಗ್. ನಿವೃತ್ತಿಯಾದ ಮೇಲೆ ನನ್ನನ್ನು ಇಂಥ ಕೆಲಸಕ್ಕೆ ಯಾರೂ ಕರೆದಿರಲಿಲ್ಲ. ಒಳಗೊಳಗೇ ಹಿಗ್ಗಿಹೋದೆ. ಒಪ್ಪಿಕೊಂಡೆ.

ಕಾರಿನಲ್ಲಿ ವಸಂತ ವಿಷಯ ಪೂರ್ತಿ ಹೇಳಿದ. ಈ ಅಂಕಗಳ ಮೇಲೆಯೇ ಬಹರೇನಿನ ಪಂದ್ಯಾವಳಿಗೆ ಹನ್ನೆರಡು ಜನರನ್ನು ಆರಿಸುತ್ತಾರೆ. ಎಂಟು ವರ್ಷಗಳಲ್ಲಿ ಅವನು ಒಮ್ಮೆಯೂ ಹೋಗಿಲ್ಲ. ಒಂದು ವರ್ಷ ಇಕಾಮಾ, ಅಂದರೆ ವಾಸದ ಪರವಾನಗಿಯ ನವೀಕರಣಕ್ಕೆ ಹೋಗಿ ಪಾಸ್‌ಪೋರ್ಟ್ ಕೈಯಲ್ಲಿರಲಿಲ್ಲ. ಒಂದು ವರ್ಷ ರಜೆ ಸಿಗಲಿಲ್ಲ. ಇನ್ನೊಂದು ವರ್ಷ ಅನ್ವಿಗೆ ಜ್ವರ. ಈ ಸಲ ರಜೆ ಮಂಜೂರಾಗಿ ಕಾಗದ ಫ್ರಿಜ್ಜಿನ ಬಾಗಿಲಿಗೆ ಅಂಟಿದೆ. "ನಲವತ್ತೊಂಬತ್ತಕ್ಕೆ ಯಾರೂ ಕರ್ಕೊಂಡು ಹೋಗುದಿಲ್ಲ ಅಕ್ಕ. ಹೋದ್ರೆ ಈ ಸಲ" ಎಂದ. ರಸ್ತೆ ನೋಡುತ್ತಲೇ ಹೇಳಿದ.

ಶುವೈಖ್

ಆ ಶುಕ್ರವಾರದ ಆಟದಲ್ಲಿ ಒಂದು ಕಂಬ ಬುಡದಲ್ಲಿ ಬಿರುಕು ಬಿಟ್ಟಿತ್ತು. ಅದನ್ನು ಕಾರಿನ ಮೇಲೆ ಕಟ್ಟಿಕೊಂಡು ಶನಿವಾರ ನಾನೂ ವಸಂತನೂ ಶುವೈಖಿಗೆ ಹೋದೆವು. ಬಂದರಿನ ಪಕ್ಕದ ಪೇಟೆ. ಬೀದಿಯುದ್ದಕ್ಕೂ ಗ್ಯಾರೇಜು, ಟಯರು, ಬಿಚ್ಚಿ ಹಾಕಿದ ಬಾನೆಟ್ಟುಗಳು. ತಂಡದ ಹುಡುಗ ರೋಹನ್ ಅಲ್ಲಿ ಒಂದು ಬಿಡಿಭಾಗದ ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದ. ಕುಲಶೇಖರದ ಕೊಂಕಣಿ ಕ್ರಿಶ್ಚಿಯನ್ ಹುಡುಗ, ಇಪ್ಪತ್ತನಾಲ್ಕು ವರ್ಷ. ನನ್ನನ್ನು ಕಂಡು ನಿಂತಲ್ಲೇ ನೆಟ್ಟಗಾದ. ಶಾಲೆ ಬಿಟ್ಟು ಎಷ್ಟು ವರ್ಷವಾದರೂ ಪಿಟಿ ಟೀಚರನ್ನು ಕಂಡಾಗ ಮಕ್ಕಳ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

"ಗುಡ್ ಮಾರ್ನಿಂಗ್ ಟೀಚರ್. ನೀವು ಕೂತ್ಕೊಳ್ಳಿ, ಬಿಸಿಲಿಗೆ ನಿಲ್ಬೇಡಿ. ಯಲ್ಲಾ ಭಾಯಿ, ಯೇ ಪೈಪ್ ಪೆಹಲೇ ಕರೋ" ಎಂದು ವೆಲ್ಡಿಂಗಿನವನನ್ನು ಎಬ್ಬಿಸಿದ. ಕಿಡಿ ಹಾರಿತು, ಹತ್ತು ನಿಮಿಷದಲ್ಲಿ ಕಂಬ ಗಟ್ಟಿಯಾಯಿತು. "ಖಲಾಸ್ ಟೀಚರ್. ಇನ್ನು ಆನೆ ಬಂದು ಗುದ್ದಿದ್ರೂ ಬೀಳುದಿಲ್ಲ."

ಕಾರಿನ ಮೇಲೆ ಕಂಬ ಕಟ್ಟುವಾಗ ಅವನು ನನಗೆ ಮಾತ್ರ ಕೇಳುವಂತೆ ಹೇಳಿದ, "ನಂಗೆ ಈ ಆಟ ಕಲ್ಸಿದ್ದು ವಸಂತಣ್ಣ ಗೊತ್ತುಂಟಾ? ನಾನು ಬಂದ ಹೊಸತ್ರಲ್ಲಿ ರೂಮಲ್ಲಿ ಕೂತು ಬರೀ ಅಳ್ತಿದ್ದೆ. ಇವ್ರು ಬಂದು ಎಳ್ಕೊಂಡು ಹೋದ್ರು."

ವಾಪಸು ಬರುವಾಗ ವೃತ್ತದ ತಿರುವಿನಲ್ಲಿ ಹಗ್ಗ ಸಡಿಲಾಗಿ ಕಂಬ ಸರ್ರನೆ ಜಾರಿ, ಒಂದು ತುದಿ ಹಿಂದಿನ ಗಾಜಿನ ಮೇಲೆ ಬಂತು. ಹಿಂದಿನಿಂದ ಬರುತ್ತಿದ್ದ ದೊಡ್ಡ ಬಿಳಿ ಕಾರು ಅಡ್ಡ ನಿಂತಿತು. ಉದ್ದದ ಬಿಳಿ ನಿಲುವಂಗಿಯ ಕುವೈತಿಯೊಬ್ಬರು ಇಳಿದರು. ಒಂದು ಮಾತಿಲ್ಲ. ತಮ್ಮ ಡಿಕ್ಕಿಯಿಂದ ಅಗಲದ ಪಟ್ಟಿ ತೆಗೆದು ಕಂಬವನ್ನು ಬಿಗಿದು ಕಟ್ಟಿದರು. ಆಮೇಲೆ ವಸಂತನಿಗೆ ಅರಬ್ಬಿಯಲ್ಲಿ ಸರಿಯಾಗಿ ಬೈದರು. ಅವನು "ಶುಕ್ರನ್" ಎಂದು ಥ್ಯಾಂಕ್ಸ್ ಹೇಳುವಷ್ಟರಲ್ಲಿ ಪಟ್ಟಿಯನ್ನೂ ವಾಪಸು ಕೇಳದೆ ಹೊರಟುಹೋದರು. ನಮ್ಮಲ್ಲಾಗಿದ್ದರೆ ಹತ್ತು ಜನ ಸೇರಿ ಹತ್ತು ಸಲಹೆ ಕೊಟ್ಟು, ಊರು ಯಾವುದು, ಮದುವೆ ಆಗಿದೆಯಾ ಎಂದೆಲ್ಲ ವಿಚಾರಿಸಿ, ಕೊನೆಗೆ ಹಗ್ಗ ನಾವೇ ಕಟ್ಟಿಕೊಳ್ಳಬೇಕಿತ್ತು. ಯಾವುದು ಒಳ್ಳೆಯದೆಂದು ನನಗಿನ್ನೂ ತೀರ್ಮಾನವಾಗಿಲ್ಲ.

ಎರಡನೇ ಶುಕ್ರವಾರ

ಈ ಸಲ ನೋಟ್‌ಬುಕ್ಕಿನೊಡನೆ ಕೂತೆ. ನನ್ನದೊಂದು ಕ್ರಮ ಇದೆ. ಚೆಂಡನ್ನು ನೋಡುವುದಿಲ್ಲ, ಚೆಂಡು ಇಲ್ಲದವನನ್ನು ನೋಡುತ್ತೇನೆ. ಚೆಂಡು ಕೈಯಲ್ಲಿದ್ದಾಗ ಎಲ್ಲರೂ ಶೂರರೇ.

ಎತ್ತರದ ಆಸ್ಟ್ರೇಲಿಯಾದವನು ಒದೆದ ಮೇಲೆ ನಿಂತು ತನ್ನ ಒದೆತವನ್ನೇ ನೋಡುತ್ತಾನೆ, ಫೋಟೋ ತೆಗೆಯುವವರ ಹಾಗೆ. ಐದು ಕೊಟ್ಟೆ. ಕೆಂಪು ಗಡ್ಡದ ಐರ್ಲೆಂಡಿನವನು ಬಾಯಿಯಿಂದ ಆಡುವುದು ಹೆಚ್ಚು, ಆದರೆ ಆ ಬೊಬ್ಬೆಗೆ ಉಳಿದವರು ಎಚ್ಚರವಾಗಿರುತ್ತಾರೆ, ಅದಕ್ಕೂ ಬೆಲೆ ಉಂಟು. ಆರು. ಫಿಲಿಪಿನೊ ಎಲ್ಲರಿಗಿಂತ ಗಿಡ್ಡ, ಅವನ ಕಾಲಿನಲ್ಲಿ ಸ್ಪ್ರಿಂಗ್ ಇಟ್ಟಿದ್ದಾರೆ. ಮೂರು ಸಲ ತನಗಿಂತ ಒಂದು ಅಡಿ ಎತ್ತರದವರ ಭುಜದ ಮೇಲಿಂದ ಚೆಂಡು ಕಿತ್ತ. ಒಂಬತ್ತು ಬರೆದು ಕೆಳಗೆ ಗೆರೆ ಎಳೆದೆ. ಕಾಸರಗೋಡಿನ ಇಬ್ಬರು ಅಣ್ಣತಮ್ಮಂದಿರು ಬೇರೆ ಯಾರಿಗೂ ಚೆಂಡು ಕೊಡುವುದೇ ಇಲ್ಲ, ಒಬ್ಬರಿಗೊಬ್ಬರು ಮಾತ್ರ. ಇಬ್ಬರಿಗೂ ಸೇರಿಸಿ ಒಂದೇ ಷರಾ ಬರೆದೆ.

ರೋಹನ್ ಕೊನೆಯ ಕಾಲು ಭಾಗದಲ್ಲೂ ಮೊದಲ ಕಾಲು ಭಾಗದ ಹಾಗೆಯೇ ಓಡುತ್ತಿದ್ದ. ಚೆಂಡು ಕೈತಪ್ಪಿದರೆ ತಲೆ ಚಚ್ಚಿಕೊಳ್ಳುತ್ತ ನಿಲ್ಲದೆ ಹಿಂದಕ್ಕೆ ಓಡಿ ಬರುತ್ತಿದ್ದ. ನಾನು ಮನಸ್ಸಿನಲ್ಲಿ ಎಂಟು ಎಂದೆ.

ಇನ್ನು ವಸಂತ. ಚೆಂಡು ಇನ್ನೂ ಆಕಾಶದಲ್ಲಿರುವಾಗಲೇ ಅದು ಎಲ್ಲಿ ಬೀಳುತ್ತದೆಂದು ಆ ಮೈದಾನದಲ್ಲಿ ಅವನೊಬ್ಬನಿಗೆ ಗೊತ್ತಾಗುತ್ತಿತ್ತು. ಅವನ ತಲೆ ಎಲ್ಲರಿಗಿಂತ ಮೊದಲು ಆ ಕಡೆ ತಿರುಗುತ್ತಿತ್ತು. ಆದರೆ ಬಲಮೊಣಕಾಲು ಒಪ್ಪುತ್ತಿರಲಿಲ್ಲ. ಎರಡು ಹೆಜ್ಜೆ ಕಮ್ಮಿ ಬೀಳುತ್ತಿತ್ತು, ಪ್ರತಿ ಸಲವೂ ಅದೇ ಎರಡು ಹೆಜ್ಜೆ. ಅವನ ಜಾಗಕ್ಕೆ ಚೆಂಡು ಒಂಬತ್ತು ಸಲ ಬಂತು. ಮುಟ್ಟಿದ್ದು ಎರಡು ಸಲ. ಬರೆದುಕೊಂಡೆ. ಬಿಡುವಿನಲ್ಲಿ ಅವನು ಬೆನ್ನು ತಿರುಗಿಸಿ ಕೂತು, ಯಾರಿಗೂ ಕಾಣದ ಹಾಗೆ ಮೊಣಕಾಲಿನ ಬ್ಯಾಂಡೇಜು ಬಿಚ್ಚಿ ಮತ್ತೆ ಸುತ್ತಿದ. ನನಗೆ ಕಂಡಿತು.

ಅಡುಗೆಮನೆಯ ಮೇಜು

ಗುರುವಾರ ಮಧ್ಯಾಹ್ನ ಜಯಂತಿ ಡ್ಯೂಟಿಯಿಂದ ಬಂದವಳು ಬಟ್ಟೆಯನ್ನೂ ಬದಲಾಯಿಸದೆ ನನ್ನ ಎದುರು ಕೂತಳು.

"ಅತ್ತಿಗೆ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇವರಿಗೆ ಕಮ್ಮಿ ಅಂಕ ಕೊಡಿ. ಆ ಮೂಳೆ ಸವೆದು ಹೋಗಿದೆ, ಎಕ್ಸ್‌ರೇ ನಾನೇ ನೋಡಿದೀನಿ. ಬಹರೇನಲ್ಲಿ ದಿನಕ್ಕೆ ಮೂರು ಆಟ ಅಂತೆ. ಅಲ್ಲಿಂದ ಇವರನ್ನ ವೀಲ್‌ಚೇರಲ್ಲಿ ಕರ್ಕೊಂಡು ಬರೋಕೆ ನನ್ನಿಂದಾಗಲ್ಲ."

"ನಾನು ಯಾರ ಮಾತಿಗೂ ಹೆಚ್ಚು ಕಮ್ಮಿ ಬರೆಯುವವಳಲ್ಲ ಜಯಂತಿ. ಕಂಡದ್ದನ್ನು ಬರೆಯುತ್ತೇನೆ" ಎಂದೆ. ಹಾಗೆ ಹೇಳುವಾಗ ನನ್ನ ಗತ್ತು ನೀವು ನೋಡಬೇಕಿತ್ತು.

"ಕಂಡದ್ದನ್ನೇ ಬರೀರಿ, ಅಷ್ಟೇ ಸಾಕು" ಎಂದು ಅವಳು ಎದ್ದುಹೋದಳು.

ಹದಿನೈದು ಜನರದ್ದು ಒಂದು ಗಂಟೆಯಲ್ಲಿ ಮುಗಿಯಿತು. ವಸಂತನ ಹೆಸರಿನ ಎದುರು ಪೆನ್ನು ನಿಂತಿತು.

ಇದನ್ನು ಹೇಳದಿದ್ದರೆ ನಾನು ಮಾಡಿದ್ದು ನಿಮಗೆ ತಿಳಿಯುವುದಿಲ್ಲ. ವಸಂತ ಹತ್ತನೇ ತರಗತಿಯಲ್ಲಿದ್ದಾಗ ನನ್ನದೇ ಶಾಲೆಯಲ್ಲಿದ್ದ. ನಾನು ಟೀಚರ್, ಅವನು ವಿದ್ಯಾರ್ಥಿ, ಇಬ್ಬರಿಗೂ ಹದಿಮೂರು ವರ್ಷದ ಅಂತರ. ವಾಲಿಬಾಲಿನಲ್ಲಿ ಅವನಷ್ಟು ಚೆನ್ನಾಗಿ ಆಡುವವರು ಇಬ್ಬರೋ ಮೂವರೋ ಮಾತ್ರ ಇದ್ದರು. ಜಿಲ್ಲಾ ಮಟ್ಟಕ್ಕೆ ತಂಡ ಆರಿಸುವಾಗ ನಾನು ಅವನನ್ನು ಕೈಬಿಟ್ಟೆ. ಟೀಚರ ತಮ್ಮನೆಂದು ಸೇರಿಸಿದ್ದು ಎಂದು ಯಾರಾದರೂ ಆಡಿಕೊಂಡರೆ ಎಂಬ ಹೆದರಿಕೆ. ಅವನು ಆವತ್ತು ಮನೆಗೆ ಬಂದು ಚಹಾ ಕುಡಿದು ಓದಲು ಕೂತ. ಇಷ್ಟು ವರ್ಷಗಳಾದರೂ ಆ ವಿಷಯ ನಮ್ಮಿಬ್ಬರ ನಡುವೆ ಬಂದದ್ದೇ ಇಲ್ಲ. ಆದರೆ ನಾನು ನೆಟ್ಟಗೆ ಇದ್ದೇನೆಂದು ಊರೆಲ್ಲ ಹೊಗಳಿದಾಗಲೆಲ್ಲ ನನಗೆ ಆ ಚಹಾದ ಲೋಟ ನೆನಪಾಗುತ್ತದೆ.

ಫ್ರಿಜ್ಜಿನ ಬಾಗಿಲಲ್ಲಿ ರಜೆಯ ಕಾಗದ ಇತ್ತು. ನಾನು ಏಳು ಎಂದು ಬರೆದೆ. 'ಅನುಭವಿ. ಆಟದ ಅರಿವು ಉತ್ತಮ' ಎಂದು ಷರಾ ಹಾಕಿದೆ. ಏಳಕ್ಕೆ ಜಾಗವಾಗಬೇಕಿದ್ದರೆ ಇನ್ನೊಬ್ಬ ಇಳಿಯಬೇಕು. ಅವನೂ ರೋಹನನೂ ಒಂದೇ ಜಾಗದ ಆಟಗಾರರು. ರೋಹನನ ಎಂಟನ್ನು ಹೊಡೆದು ಆರು ಮಾಡಿದೆ. ಷರಾ ಏನು ಬರೆಯುವುದೆಂದು ಹುಡುಕಿ, 'ಶಿಸ್ತು ಇನ್ನೂ ಬೇಕು' ಎಂದು ಗೀಚಿದೆ. ಆ ಹುಡುಗನಲ್ಲಿ ಶಿಸ್ತಿಲ್ಲ ಎಂದರೆ ಅವನ ಹೆತ್ತ ತಾಯಿ ನನ್ನ ಜುಟ್ಟು ಹಿಡಿಯಬೇಕು.

ಅನ್ವಿ ಶಾಲೆಯಿಂದ ಬಂದು ಎಲ್ಲವನ್ನೂ ಇಂಗ್ಲಿಷಿಗೆ ಹಾಕಿ ಟೈಪ್ ಮಾಡಿದಳು. ಅಪ್ಪನ ಸಾಲಿಗೆ ಬಂದಾಗ ಬೆರಳು ನಿಂತಿತು.

"ಅತ್ತೆ, ಆರ್ ಯು ಶೂರ್?"

"ನೀನು ಬರಿ" ಎಂದೆ, ಸ್ವಲ್ಪ ಜೋರಾಗಿಯೇ. ಅವಳು ಬರೆದಳು.

ಮೂರನೇ ಶುಕ್ರವಾರ

ಅವತ್ತು ಆಟ ಇರಲಿಲ್ಲ. ಮೈದಾನದ ಅಂಚಿನಲ್ಲಿ ಎರಡು ದೊಡ್ಡ ಚಾಪೆ ಹಾಸಿ ಹದಿನಾರು ಜನರೂ ವೃತ್ತವಾಗಿ ಕೂತರು. ನನಗೂ ಅನ್ವಿಗೂ ಕುರ್ಚಿ. ರೋಹನ್ ನನ್ನ ಕುರ್ಚಿಯ ಕಾಲಡಿ ಒಂದು ಹಲಗೆ ಇಟ್ಟು, "ಅಲುಗಾಡ್ತದಾ ಟೀಚರ್?" ಎಂದು ಕೇಳಿ ಹೋಗಿ ಕೂತ. ಒಬ್ಬರು ಫ್ಲಾಸ್ಕಿನಿಂದ ಎಲ್ಲರಿಗೂ ಚಹಾ ಹಂಚಿದರು.

ಗ್ರೆಗ್ ನನ್ನ ಕಾಗದವನ್ನು ಕೈಗೆತ್ತಿಕೊಂಡರು. ಆಮೇಲೆ ಒಂದು ಟೋಪಿಯನ್ನು ಮುಂದಿಟ್ಟರು. ಟೋಪಿಯ ತುಂಬ ಮಡಚಿದ ಚೀಟಿಗಳು.

"ಅದೇನು?" ಎಂದು ಅನ್ವಿಯನ್ನು ಕೇಳಿದೆ.

ಪ್ರತಿಯೊಬ್ಬ ಆಟಗಾರನೂ ತನಗೆ ತಾನೇ ಎಷ್ಟು ಅಂಕ ಎಂದು ಬರೆದು ಹಾಕಬೇಕಂತೆ. ಮೊದಲು ಆ ಚೀಟಿಯನ್ನು ಓದುತ್ತಾರೆ, ನಂತರ ನೋಡಿದವರು ಕೊಟ್ಟದ್ದನ್ನು. ಎರಡರ ನಡುವೆ ಮೂರಕ್ಕಿಂತ ಹೆಚ್ಚು ಅಂತರ ಬಂದರೆ, ಇಬ್ಬರೂ ಎದ್ದು ನಿಂತು ಎಲ್ಲರೆದುರು ಮಾತಾಡಿ ತೀರ್ಮಾನಿಸಬೇಕು. ಇದು ಅವರ ಊರಿನ ಪದ್ಧತಿ. ನನಗೆ ಇದನ್ನು ಯಾರೂ ಹೇಳಿರಲಿಲ್ಲ. ನಮ್ಮಲ್ಲಿ ಪ್ರೋಗ್ರೆಸ್ ಕಾರ್ಡು ಬರೆಯುವವರು ನಾವು, ಸಹಿ ಹಾಕುವವರು ತಂದೆ. ಮಗುವನ್ನು ಕೇಳುವವರು ಯಾರು?

ಓದುತ್ತಾ ಹೋದರು. ಫಿಲಿಪಿನೊ ತನಗೆ ಆರು ಕೊಟ್ಟುಕೊಂಡಿದ್ದ, ನನ್ನ ಒಂಬತ್ತು ಕೇಳಿ ಮುಖ ಮುಚ್ಚಿಕೊಂಡ. ಎಲ್ಲರೂ ಚಪ್ಪಾಳೆ ತಟ್ಟಿದರು. ಎತ್ತರದವನು ತನಗೆ ಎಂಟು ಬರೆದಿದ್ದ. ನಾನು ಕೊಟ್ಟದ್ದು ಐದು, ಫೋಟೋ ತೆಗೆಯುವ ಷರಾ ಕೇಳಿ ನಕ್ಕು ನಕ್ಕು ಕೆಂಪು ಗಡ್ಡದವನ ಚಹಾ ಚೆಲ್ಲಿತು. ಅಲ್ಲಿಯವರೆಗೆ ಚೆನ್ನಾಗಿತ್ತು.

ರೋಹನನ ಚೀಟಿಯಲ್ಲಿ ಎಂಟು ಇತ್ತು. ನನ್ನದು ಆರು, ಶಿಸ್ತು ಇನ್ನೂ ಬೇಕು. ಅವನ ಮುಖ ಸಪ್ಪಗಾಯಿತು. ನನ್ನ ಕಡೆ ನೋಡಿ, "ಸರಿ ಟೀಚರ್, ಇನ್ನು ಮೇಲೆ ಸರಿ ಮಾಡ್ತೇನೆ" ಎಂದ. ಏನನ್ನು ಸರಿ ಮಾಡುವುದೆಂದು ಪಾಪದವನಿಗೆ ಗೊತ್ತಿರಲಿಲ್ಲ. ನನಗೆ ನೆಲ ಬಿರಿದರೆ ಸಾಕಿತ್ತು.

ನಂತರ ವಸಂತನದು. ಗ್ರೆಗ್ ಚೀಟಿ ಬಿಚ್ಚಿ, "ಮೂರು" ಎಂದರು. ಆಮೇಲೆ ನನ್ನ ಕಾಗದ ನೋಡಿ, ಕನ್ನಡಕ ಸರಿಮಾಡಿಕೊಂಡು, "ಏಳು" ಎಂದರು.

ಯಾರೂ ನಗಲಿಲ್ಲ. ವಸಂತ ಎದ್ದು ನಿಂತ. ನಾನೂ ಎದ್ದೆ. ಅವನು ಮುಖ ಗಂಟಿಕ್ಕಿಕೊಂಡಿದ್ದ.

"ಚೆಂಡು ಎಲ್ಲಿ ಬೀಳುತ್ತದೆಂದು ಅವನಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ" ಎಂದೆ. ಅನ್ವಿ ಸಣ್ಣ ದನಿಯಲ್ಲಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು.

"ಎಷ್ಟು ಸಲ ಬಂತು ನನ್ನ ಕಡೆ?" ಎಂದು ವಸಂತ ಕೇಳಿದ.

"ಒಂಬತ್ತು."

"ಮುಟ್ಟಿದ್ದು?"

ನಾನು ಗ್ರೆಗ್ ಕೈಯಲ್ಲಿದ್ದ ಕಾಗದದ ಕಡೆ ನೋಡಿದೆ.

"ನಿನ್ನ ಪುಸ್ತಕದಲ್ಲಿ ಇರ್ತದೆ ಅಕ್ಕ. ಹೇಳು."

"ಎರಡು" ಎಂದೆ.

ಇನ್ನು ಬಚ್ಚಿಡಲು ಏನೂ ಉಳಿದಿರಲಿಲ್ಲ. ಇಷ್ಟು ಜನರ ಎದುರು ನಾನು ತಪ್ಪೊಪ್ಪಿಕೊಂಡದ್ದು ಅದೇ ಮೊದಲು. "ತಪ್ಪು ನನ್ನದು. ತಮ್ಮನೆಂದು ಏಳು ಬರೆದೆ. ಅವನಿಗೆ ಮೂರೇ ಸರಿ. ಅವನನ್ನು ಹನ್ನೆರಡರಲ್ಲಿ ಸೇರಿಸಲಿಕ್ಕೆ ಈ ಹುಡುಗನ ಎಂಟನ್ನು ಕಿತ್ತು ಆರು ಮಾಡಿದೆ. ರೋಹನ್, ನಿನ್ನ ಶಿಸ್ತಿನಲ್ಲಿ ಏನೂ ಕಮ್ಮಿ ಇಲ್ಲ, ಕಮ್ಮಿ ಇದ್ದದ್ದು ನನ್ನಲ್ಲಿ. ಕ್ಷಮಿಸು ಮಗಾ" ಎಂದೆ. ಅನ್ವಿ ಇದನ್ನು ಪೂರ್ತಿ ಅನುವಾದಿಸಲಿಲ್ಲ, ಎಲ್ಲರಿಗೂ ಅರ್ಥವಾಗಿತ್ತು.

"ಅಯ್ಯೋ ಬೇಡ ಟೀಚರ್, ಹಾಗೆಲ್ಲ ಹೇಳ್ಬೇಡಿ" ಎಂದು ರೋಹನ್ ಎದ್ದೇ ಬಿಟ್ಟ. ಅವನು ವಸಂತನ ಕಡೆ ನೋಡುತ್ತಿದ್ದ. ವಸಂತ ಅವನ ಬೆನ್ನಿಗೊಂದು ಗುದ್ದಿ ಕೂರಿಸಿದ.

ಗ್ರೆಗ್ ಪೆನ್ನು ತೆಗೆದು ನನ್ನ ಕೈಗೇ ಕೊಟ್ಟರು. ಎರಡು ಸಂಖ್ಯೆ ಹೊಡೆದು, ಎರಡು ಸಂಖ್ಯೆ ಬರೆದು, ಪಕ್ಕದಲ್ಲಿ ಸಹಿ ಹಾಕಿದೆ. ಹನ್ನೆರಡು ಹೆಸರುಗಳನ್ನು ಓದಿದರು. ವಸಂತನ ಹೆಸರು ಅದರಲ್ಲಿ ಇರಲಿಲ್ಲ.

ವಾಪಸು ದಾರಿ

ಅನ್ವಿ ಮೈದಾನದಿಂದಲೇ ಗೆಳತಿಯ ಕಾರಿನಲ್ಲಿ ಹೋಗಿದ್ದಳು. ನಾವಿಬ್ಬರೇ. ಇರಾನಿ ರೊಟ್ಟಿಯ ಅಂಗಡಿಯೆದುರು ವಸಂತ ಕಾರು ನಿಲ್ಲಿಸಿದ, ಆದರೆ ಇಳಿಯಲಿಲ್ಲ. ಬಿಸಿ ರೊಟ್ಟಿ ತೆಗೆದುಕೊಂಡ ಜನ ಅದನ್ನು ತಮ್ಮ ಕಾರಿನ ಬಾನೆಟ್ಟಿನ ಮೇಲೆ ಹರಡಿ ಆರಿಸುತ್ತಿದ್ದರು. ನಾನು ಅದನ್ನೇ ನೋಡುತ್ತ ಕೂತೆ. ಕೊನೆಗೆ ತಡೆಯಲಾರದೆ, "ನಿನ್ನ ಮಾನ ತೆಗೆದೆ ನಾನು. ಸಿಟ್ಟಿದ್ದರೆ ಬೈದು ಬಿಡು ಮಾರಾಯ" ಎಂದೆ.

"ಮಾನಕ್ಕೆ ಎಂತ ಆಯ್ತು ಅಕ್ಕ" ಎಂದ. ಎಂಜಿನ್ ಆಫ್ ಮಾಡಿ ಕೇಳಿದ, "ಗ್ರೆಗ್ ನಿನ್ನತ್ರ ಯಾಕೆ ಬಂದ್ರು ಗೊತ್ತುಂಟಾ? ನಾನು ಕಳ್ಸಿದ್ದು."

"ನೀನಾ?"

"ನಂಗೆ ಗೊತ್ತಿಲ್ವಾ ನನ್ನ ಕಾಲು? ಹೋದ ವರ್ಷವೇ ಗೊತ್ತಾಗಿತ್ತು. ಜಯಂತಿ ನಿಲ್ಸಿ ಅಂದ್ರೆ ಜಗಳ ಆಗ್ತದೆ. ಗ್ರೆಗ್ ಹೇಳುದಿಲ್ಲ, ಅವ್ರಿಗೆ ದಾಕ್ಷಿಣ್ಯ. ನಾನೇ ನಿಲ್ಸುವಾ ಅಂದ್ರೆ ಪ್ರತಿ ಗುರುವಾರ ಶೂ ತೊಳೆದು ಇಡ್ತೇನೆ, ಬಹರೇನಿಗೆ ರಜೆಯೂ ಹಾಕ್ತೇನೆ, ನಿಲ್ಸ್ಲಿಕ್ಕೆ ಆಗುದಿಲ್ಲ ಅಕ್ಕ. ಈ ಊರಲ್ಲಿ ಬಾಕಿ ಎಲ್ಲ ಬೇರೆಯವ್ರು ಹೇಳಿದ್ದು ಮಾಡಿದ್ದು. ಇದೊಂದು ನಾನು ಮಾಡಿದ್ದು." ಅವನ ದನಿ ಒಡೆಯಿತು. "ಅಕ್ಕ ಬರ್ತಾಳೆ, ಅವಳು ಯಾರ ಮುಖವೂ ನೋಡುದಿಲ್ಲ, ನೆಟ್ಟಗೆ ಹೇಳ್ತಾಳೆ, ಅವಳು ಹೇಳಿದ್ರೆ ನಿಲ್ಸ್ತೇನೆ ಅಂತ ಕಾದು ಕೂತಿದ್ದೆ. ನೀನೂ ಏಳು ಕೊಟ್ಟಿಯಲ್ಲ."

ಇಷ್ಟು ಜನರಿರುವಾಗ ಅವನಿಗೆ ಬೇಕಾಗಿದ್ದದ್ದು ನಾನು, ಅದೂ ನನ್ನ ಕಟುವಾದ ಬಾಯಿ. ಎರಡು ಸಾವಿರ ಮೈಲಿಯಾಚೆಯಿಂದ ಅದನ್ನು ಅವನು ಕರೆಸಿಕೊಂಡಿದ್ದ. ಬಂದವಳು ನಾನು ಅವನಿಗೆ ಕರುಣೆ ಕೊಟ್ಟೆ. ಮೂರನ್ನು ಅವನೇ ಬರೆದುಕೊಳ್ಳಬೇಕಾಯಿತು, ಎಲ್ಲರೆದುರು ಅವನೇ ನನ್ನ ಬಾಯಿಂದ ಹೊರಡಿಸಬೇಕಾಯಿತು. ನಿಲ್ಲಿಸು ಎಂಬ ಮಾತನ್ನು ನಾನು ಇನ್ನೂ ಅವನಿಗೆ ಹೇಳಿರಲಿಲ್ಲ.

ಸೀಟ್ ಬೆಲ್ಟ್ ಬಿಚ್ಚಿ ಅವನ ಕಡೆಗೆ ತಿರುಗಿ ಕೂತೆ. ನಮ್ಮಿಬ್ಬರ ತುಳುವಿನಲ್ಲೇ, ನೆಟ್ಟಗೆ ಹೇಳಿದೆ. ವಸಂತಾ, ಸಾಕು. ಇನ್ನು ಆಡಬೇಡ.

ಅವನು ಹೌದೆಂದು ತಲೆಯಾಡಿಸಿದ. ಆಮೇಲೆ ಸ್ಟೀರಿಂಗಿನ ಮೇಲೆ ಹಣೆಯಿಟ್ಟು, ಚಿಕ್ಕವನಿದ್ದಾಗಲೂ ನಾನು ಕಾಣದಷ್ಟು ಅತ್ತ. ನಾನು ಸಮಾಧಾನದ ಒಂದು ಮಾತನ್ನೂ ಹೇಳಲಿಲ್ಲ. ಅವನ ಬೆನ್ನ ಮೇಲೆ ಕೈಯಿಟ್ಟು, ಮುಗಿಯುವವರೆಗೆ ಕೂತಿದ್ದೆ.